ಕತ್ತರಿ ಬಿದ್ದದ್ದು ಎಲ್ಲಿ ಎಂದು ಸದನ ಕೇಳಲಿ

ಖರ್ಚು ಕಡಿಮೆ ಮಾಡುತ್ತೇನೆ ಎಂದು ವೇದಿಕೆಯ ಮೇಲೆ ನಿಂತು ಹೇಳುವ ರಾಜಕಾರಣಿ ಅಪರೂಪ. ಅದನ್ನೇ ಕಾನೂನು ಮಾಡಿ ತನ್ನ ಕೈಯನ್ನೂ, ಮುಂದೆ ಬರುವವರ ಕೈಯನ್ನೂ ಕಟ್ಟಿಹಾಕುವವರು ಇನ್ನೂ ಅಪರೂಪ. 2002ರಲ್ಲಿ ಕರ್ನಾಟಕದ ಶಾಸನಸಭೆ ಆರ್ಥಿಕ ಹೊಣೆಗಾರಿಕೆ ಅಧಿನಿಯಮವನ್ನು ಅಂಗೀಕರಿಸಿತು. ಇಂಥ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ನಮ್ಮದು. ಕೇಂದ್ರ ಸರ್ಕಾರ ತನ್ನ ಕಾಯ್ದೆಯನ್ನು ತಂದದ್ದು ಮರುವರ್ಷ. ಆಗ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಹಣಕಾಸು ಖಾತೆಯೂ ಅವರ ಬಳಿಯೇ ಇತ್ತು.

2024ರ ಡಿಸೆಂಬರ್ 10ರಂದು ಕೃಷ್ಣ ತೀರಿಕೊಂಡಾಗ ಬೆಂಗಳೂರಿನ ಐಟಿ ಬೆಳವಣಿಗೆ, ರಾಜ್‌ಕುಮಾರ್ ಅಪಹರಣದ ದಿನಗಳು, ಕಾವೇರಿ ಪಾದಯಾತ್ರೆ ಎಲ್ಲವೂ ನೆನಪಿಗೆ ಬಂದವು. ಈ ಕಾಯ್ದೆಯನ್ನು ನೆನೆದವರು ಕಡಿಮೆ. ಆದರೆ ಇವತ್ತಿಗೂ ವಿಧಾನಸೌಧದಲ್ಲಿ ಬಜೆಟ್ ಮಂಡನೆಯಾಗುವಾಗಲೆಲ್ಲ ಅದರ ಚೌಕಟ್ಟಿನೊಳಗೇ ಲೆಕ್ಕ ಹೊಂದಬೇಕು. ಸಾಲದ ಮಿತಿ, ಕೊರತೆಯ ಮಿತಿ, ಮುಂದಿನ ವರ್ಷಗಳ ಅಂದಾಜು ಎಂದು ನಾವು ಪತ್ರಿಕೆಯಲ್ಲಿ ಓದುವುದೆಲ್ಲ ಅಲ್ಲಿಂದಲೇ ಬಂದದ್ದು. ಮಂಡ್ಯದ ಮಣ್ಣಿನವರೊಬ್ಬರು ಮಾಡಿದ ಈ ಕೆಲಸವನ್ನು ಮಂಡ್ಯದ ನಾಲೆಯ ಏರಿಯ ಮೇಲೆ ನಿಂತು ನೋಡಬೇಕು ಎಂಬುದು ಈ ಲೇಖನದ ಆಸೆ. ಕಡಿತದ ತೀರ್ಮಾನ ಬೆಂಗಳೂರಿನಲ್ಲಿ ಆಗುತ್ತದೆ, ಅದರ ಬೆಲೆಯನ್ನು ಬಹುಪಾಲು ತೆರುವವರು ನಾಲೆಯ ಕೊನೇಭಾಗದವರು.

ಈ ಸೀಮೆಯಲ್ಲಿ ಉಳಿತಾಯಕ್ಕೂ ಸದನಕ್ಕೂ ಇರುವ ನಂಟು ಹಳೆಯದು. 1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನದ ಜನರನ್ನು ಲಕ್ಷಗಟ್ಟಲೆ ಬಲಿ ತೆಗೆದುಕೊಂಡಿತು. ಬ್ರಿಟಿಷರು 1881ರಲ್ಲಿ ಆಡಳಿತವನ್ನು ಒಡೆಯರಿಗೆ ಮರಳಿಸಿದಾಗ ಅದರ ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲವನ್ನೂ, ವರ್ಷವರ್ಷ ಕಟ್ಟಬೇಕಾದ 35 ಲಕ್ಷದ ಪೊಗದಿಯನ್ನೂ ಹೊರಿಸಿದರು. ದಿವಾನ್ ಸಿ.ವಿ. ರಂಗಾಚಾರ್ಲು ಇಲಾಖೆಗಳನ್ನು ಕುಗ್ಗಿಸಿದರು, ಜಿಲ್ಲೆಗಳ ಸಂಖ್ಯೆಯನ್ನೇ ಇಳಿಸಿದರು. ಅದೇ ವರ್ಷದ ದಸರೆಯಲ್ಲಿ, ಅದೇ ದಿವಾನರು, 144 ಜನರನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಸರ್ಕಾರದ ಆದಾಯ ಎಷ್ಟು, ವೆಚ್ಚ ಎಷ್ಟು ಎಂದು ದಿವಾನರೊಬ್ಬರು ರೈತರ, ವರ್ತಕರ ಮುಂದೆ ನಿಂತು ಹೇಳಿದ್ದು ಈ ನಾಡಿಗೆ ಹೊಸದು. ಕೈ ಬರಿದಾಗಿದ್ದಾಗಲೇ ಲೆಕ್ಕ ಒಪ್ಪಿಸಲು ಹೊರಟ ಆ ಧೈರ್ಯವನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ.

ರಂಗಾಚಾರ್ಲು ಎಲ್ಲವನ್ನೂ ಕತ್ತರಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಬೆಂಗಳೂರಿನಿಂದ ಮದ್ದೂರು, ಮಂಡ್ಯದ ಮೇಲೆ ಮೈಸೂರಿಗೆ ಹೋಗುವ ರೈಲುಹಾದಿಯ ಕೆಲಸ ಆ ಬಿಗಿ ದಿನಗಳಲ್ಲೂ ನಿಲ್ಲದೆ 1882ರಲ್ಲಿ ಮುಗಿಯಿತು. ಕಚೇರಿಗಳ ಖರ್ಚು ಇಳಿಯಿತು, ಹಳಿ ಮುಂದೆ ಸಾಗಿತು. ಮುಂದೆ ಇದೇ ಸಂಸ್ಥಾನ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ 1902ರಿಂದ ಕೋಲಾರದ ಚಿನ್ನದ ಗಣಿಗೆ ಮಾರಿತು. ಆ ಗಣಿಗೆ ವರ್ಷವಿಡೀ ವಿದ್ಯುತ್ ಬೇಕೆಂಬುದು ಕನ್ನಂಬಾಡಿ ಕಟ್ಟೆಗೂ ಒಂದು ಕಾರಣವಾಯಿತು. 1911ರಲ್ಲಿ ಆ ಅಣೆಕಟ್ಟೆಯ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿಗೆ ಒಪ್ಪಿಗೆ ಸಿಗುವ ಮುನ್ನ ವಿಶ್ವೇಶ್ವರಯ್ಯನವರು ಹಣಕಾಸು ಅಧಿಕಾರಿಗಳ ವಿರೋಧವನ್ನು ಎದುರಿಸಬೇಕಾಯಿತು. ಅಂದು ಉಳಿತಾಯದ ಮಾತೇ ಗೆದ್ದಿದ್ದರೆ ಇವತ್ತಿನ ಮಂಡ್ಯ ಇರುತ್ತಿರಲಿಲ್ಲ.

1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಧಾನ್ಯದ ಬೆಲೆ ನೆಲಕಚ್ಚಿದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ಹೊತ್ತಿನಲ್ಲೇ ಹುಲಿಕೆರೆಯ ಗುಡ್ಡವನ್ನು ಕೊರೆದು ಇರ್ವಿನ್ ನಾಲೆಯ ನೀರು ಮಂಡ್ಯದ ಕಡೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ನೀರಿನ ಹಿಂದೆಯೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದಿನ ಶಕ್ತಿ. ನಾಲೆಗೆ ಹಾಕಿದ ಹಣ ಮರಳಿ ಬರಬೇಕಾದರೆ ನೀರಿನ ಕೆಳಗೆ ಕಾಸು ತರುವ ಬೆಳೆ ಇರಬೇಕು ಎಂಬ ಲೆಕ್ಕದಲ್ಲಿ ಕಬ್ಬು, ಭತ್ತ, ಅರೆಖುಷ್ಕಿ ಬೆಳೆಗಳನ್ನು ಸರದಿಯಂತೆ ಬೆಳೆಯುವ ಬ್ಲಾಕ್ ಪದ್ಧತಿಯನ್ನು ಹೇರಿದರು. ನಾಲೆಯ ವೆಚ್ಚದ ಪಾಲನ್ನು ರೈತರಿಂದ ವಸೂಲಿ ಮಾಡಲು ಹೊರಟಾಗ ರೈತರು ಸಂಘಟಿತರಾಗಿ ಪ್ರತಿಭಟಿಸಿದರು. ಮಂಡ್ಯದ ರೈತ ಚಳವಳಿಯ ಬೇರು ಅಲ್ಲಿದೆ.

ಆ ಕಾಲದಲ್ಲಿ ಸದನಗಳು ಇರಲಿಲ್ಲವೆಂದಲ್ಲ. 1923ರ ಸುಧಾರಣೆಯ ನಂತರ ಬಜೆಟ್‌ನ ಅನುದಾನಗಳ ಮೇಲೆ ಮತ ಹಾಕುವ ಹಕ್ಕು ನ್ಯಾಯವಿಧಾಯಕ ಸಭೆಗೆ ಸಿಕ್ಕಿತ್ತು. ಆದರೂ ಕೊನೆಯ ಮಾತು ದಿವಾನರದೇ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಮೈಸೂರು ಕಾಂಗ್ರೆಸ್ ಅಧಿವೇಶನವನ್ನು ನಾವು ಧ್ವಜ ಸತ್ಯಾಗ್ರಹವೆಂದು ನೆನೆಯುತ್ತೇವೆ. ಧ್ವಜದ ಜೊತೆಗೆ ಅಲ್ಲಿ ಎದ್ದ ಬೇಡಿಕೆ ಜವಾಬ್ದಾರಿ ಸರ್ಕಾರ. ಖರ್ಚು ಮಾಡುವವರು, ಖರ್ಚು ಕಡಿಯುವವರು ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಲೇಬೇಕು ಎಂಬುದು ಅದರ ತಿರುಳು. ರೈಲು, ಶಾಲೆ, ಆಸ್ಪತ್ರೆ, ನಾಲೆ ಯಾವುದರ ಹಣವನ್ನೂ ಒಬ್ಬರ ಮರ್ಜಿಗೆ ಬಿಡಲಾಗದು ಎಂದು ಹೇಳಲು ಜನ ಪೊಲೀಸರ ಎದುರು ಶಿವಪುರದ ಬಯಲಿಗೆ ಬಂದರು. ಮರುವರ್ಷ, 1939ರ ಜುಲೈ 1ರಂದು, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಕೃಷ್ಣ ಬೆಳೆದದ್ದು ಈ ನೆಲದಲ್ಲಿ. 1932ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಕಾನೂನು ಕಾಲೇಜು ಮುಗಿಸಿ ಅಮೆರಿಕದ ಡಲ್ಲಾಸ್‌ಗೆ, ಬಳಿಕ ವಾಷಿಂಗ್ಟನ್ನಿಗೆ ಓದಲು ಹೋದರು. 1960ರಲ್ಲಿ ಜಾನ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರ ಪರ ಪ್ರಚಾರ ಮಾಡಿ, ಗೆದ್ದ ಮೇಲೆ ಕೆನಡಿಯವರಿಂದ ಕೃತಜ್ಞತೆಯ ಪತ್ರ ಪಡೆದರು. ಊರಿಗೆ ಮರಳಿ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆ ಹೊಕ್ಕರು. ಪ್ರಜಾ ಸೋಷಲಿಸ್ಟ್ ಪಕ್ಷ, ಆಮೇಲೆ ಕಾಂಗ್ರೆಸ್, ದೇವರಾಜ ಅರಸರ ಸಂಪುಟ, ರಾಜೀವ್ ಗಾಂಧಿ ಕಾಲದಲ್ಲಿ ಕೇಂದ್ರ ಹಣಕಾಸು ರಾಜ್ಯಸಚಿವ ಸ್ಥಾನ, 1989ರಿಂದ ವಿಧಾನಸಭೆಯ ಸ್ಪೀಕರ್ ಪೀಠ. ಲೆಕ್ಕವನ್ನೂ ಸದನವನ್ನೂ ಎರಡೂ ಕಡೆಯಿಂದ ನೋಡಿದ ಇಂಥ ಅನುಭವ ನಮ್ಮ ಮುಖ್ಯಮಂತ್ರಿಗಳಲ್ಲಿ ಬಹಳ ಮಂದಿಗೆ ಇರಲಿಲ್ಲ.

ಕೃಷ್ಣ ಓದಲು ಹೋಗಿದ್ದ ಅಮೆರಿಕದಲ್ಲಿ ಅಧ್ಯಕ್ಷರು ಕಳಿಸುವ ಬಜೆಟ್ ಒಂದು ಕೋರಿಕೆ ಮಾತ್ರ. ಬರೆಯುವುದು, ಅಳಿಸುವುದು ಅಲ್ಲಿನ ಕಾಂಗ್ರೆಸ್ಸು, ಅಂದರೆ ಅವರ ಸಂಸತ್ತು. ಅದು ಮಂಜೂರು ಮಾಡಿದ ಹಣವನ್ನು ರಿಚರ್ಡ್ ನಿಕ್ಸನ್ ಖರ್ಚು ಮಾಡದೆ ತಡೆಹಿಡಿದಾಗ 1974ರಲ್ಲಿ ಕಾನೂನನ್ನೇ ತಂದು ಅಧ್ಯಕ್ಷರ ಕೈಗೆ ಕಡಿವಾಣ ಹಾಕಿದರು. 1985ರಲ್ಲಿ ಕೊರತೆಗೆ ವರ್ಷವಾರು ಗುರಿಯಿಟ್ಟು, ಗುರಿ ತಪ್ಪಿದರೆ ತಾನಾಗಿಯೇ ಕಡಿತವಾಗುವ ಗ್ರಾಮ್–ರಡ್‌ಮನ್ ಕಾಯ್ದೆ ಬಂತು. ಅಧ್ಯಕ್ಷರಿಗೂ ಸಂಸತ್ತಿಗೂ ನಡುವಿನ ಈ ಹಣದ ಜಗಳ ಇನ್ನೂ ಮುಗಿದಿಲ್ಲ. 2025ರ ಜುಲೈನಲ್ಲಿ ಟ್ರಂಪ್ ಸರ್ಕಾರ ಮೊದಲೇ ಮಂಜೂರಾಗಿದ್ದ ಸುಮಾರು 900 ಕೋಟಿ ಡಾಲರನ್ನು ಹಿಂದಕ್ಕೆ ಪಡೆಯಲು ಸಂಸತ್ತಿನ ಒಪ್ಪಿಗೆ ಪಡೆಯಿತು. ಅಕ್ಟೋಬರ್‌ನಲ್ಲಿ ಹಣಕಾಸಿಗೆ ಒಪ್ಪಿಗೆ ಸಿಗದೆ ಅಲ್ಲಿನ ಸರ್ಕಾರಿ ಕಚೇರಿಗಳು 43 ದಿನ ಬಾಗಿಲು ಹಾಕಿದವು.

ನಮ್ಮಲ್ಲಿ ಹಾಗೆ ಆಗುವುದಿಲ್ಲ. ಸಂವಿಧಾನದ 203ನೇ ವಿಧಿ ವಿಧಾನಸಭೆಗೆ ಅನುದಾನದ ಬೇಡಿಕೆಯನ್ನು ಒಪ್ಪುವ, ನಿರಾಕರಿಸುವ, ತಗ್ಗಿಸುವ ಅಧಿಕಾರ ಕೊಟ್ಟಿದೆ. ಹೆಚ್ಚಿಸುವ ಅಧಿಕಾರ ಕೊಟ್ಟಿಲ್ಲ. ಸಾಲದ ಬಡ್ಡಿ ಮತಕ್ಕೇ ಬರುವುದಿಲ್ಲ. ಒಂದು ಬೇಡಿಕೆಯಲ್ಲಿ ಕಡಿತ ಸೂಚನೆ ಗೆದ್ದರೂ ಸರ್ಕಾರದ ಬಹುಮತ ಹೋಯಿತೆಂದೇ ಅರ್ಥ. ಹಾಗಾಗಿ ಆಡಳಿತ ಪಕ್ಷದ ಶಾಸಕ ಸದನದಲ್ಲಿ ಬಜೆಟ್‌ನ ಒಂದು ಸಾಲನ್ನೂ ಅಲುಗಿಸುವುದಿಲ್ಲ, ಹೊರಗೆ ಮುಖ್ಯಮಂತ್ರಿಯ ಮನೆಯ ಮುಂದೆ ಕ್ಷೇತ್ರಕ್ಕೆ ಅನುದಾನ ಕೊಡಿ ಎಂದು ನಿಲ್ಲುತ್ತಾನೆ. ನಮ್ಮ ಬಜೆಟ್ ರಾಜಕಾರಣದ ನಿಜವಾದ ಕೊಡು-ಕೊಳ್ಳು ನಡೆಯುವುದು ಅಲ್ಲಿ. ಅಲ್ಲಿ ನಡೆದದ್ದಕ್ಕೆ ಕಡತವಿಲ್ಲ, ದಾಖಲೆಯಿಲ್ಲ.

1999ರ ಅಕ್ಟೋಬರ್‌ನಲ್ಲಿ 224ರಲ್ಲಿ 132 ಸ್ಥಾನ ಗೆದ್ದು ಕೃಷ್ಣ ಅಧಿಕಾರಕ್ಕೆ ಬಂದಾಗ ಖಜಾನೆ ಸುಸ್ತಾಗಿತ್ತು. ವೇತನ ಪರಿಷ್ಕರಣೆ, ಪಿಂಚಣಿ, ಬಡ್ಡಿ, ಪಂಪ್‌ಸೆಟ್ ವಿದ್ಯುತ್ತಿನ ಸಹಾಯಧನ ಇವುಗಳಿಗೆ ಬರುವ ಆದಾಯ ಸಾಲದೆ, ಸಾಲ ತಂದು ಸಂಬಳ ಕೊಡುವ ಸ್ಥಿತಿ. ಸಾಲಕ್ಕೆ ಅಡ್ಡದಾರಿಯೂ ಇತ್ತು. ನೀರಾವರಿ ನಿಗಮಗಳು ಬಾಂಡ್ ಮಾರಿ ಹಣ ಎತ್ತುತ್ತಿದ್ದವು, ತೀರಿಸುವ ಹೊರೆ ಸರ್ಕಾರದ್ದು, ಬಜೆಟ್‌ನ ಕೊರತೆಯಲ್ಲಿ ಮಾತ್ರ ಅದು ಕಾಣುತ್ತಿರಲಿಲ್ಲ. ಹೊಸ ಸರ್ಕಾರ ಮೊದಲು ಮಾಡಿದ ಕೆಲಸ ರಾಜ್ಯದ ಹಣಕಾಸಿನ ಬಗ್ಗೆ ಶ್ವೇತಪತ್ರ ಹೊರಡಿಸಿದ್ದು. ಬಳಿಕ ಮಧ್ಯಮಾವಧಿ ವಿತ್ತೀಯ ಯೋಜನೆ ಬಂತು. ಈ ವರ್ಷದ ಲೆಕ್ಕದ ಜೊತೆಗೆ ಮುಂದಿನ ಕೆಲವು ವರ್ಷಗಳಲ್ಲಿ ಆದಾಯ, ವೆಚ್ಚ, ಸಾಲ ಎಲ್ಲಿ ಮುಟ್ಟುತ್ತವೆ ಎಂದು ಸರ್ಕಾರ ತಾನೇ ಬರೆದು ಮುಂದಿಡುವ ದಾಖಲೆ ಅದು. ಇದರ ಮೇಲೆ ವಿಶ್ವಬ್ಯಾಂಕ್ 2001ರಲ್ಲಿ 15 ಕೋಟಿ ಡಾಲರ್, ಮರುವರ್ಷ 10 ಕೋಟಿ ಡಾಲರ್ ಸಾಲ ಕೊಟ್ಟಿತು. ಹೊರಗಿನವರ ಷರತ್ತಿಗೆ ಮಣಿದರು ಎಂಬ ಟೀಕೆ ಆಗಲೇ ಬಂತು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ರೋಗ ಹೊರಗಿನವರು ಹುಟ್ಟಿಸಿದ್ದಾಗಿರಲಿಲ್ಲ.

2002ರ ಕಾಯ್ದೆ ಈ ಶಿಸ್ತನ್ನು ಒಂದು ಸರ್ಕಾರದ ಇಚ್ಛೆಯಿಂದ ಬಿಡಿಸಿ ಸದನದ ಆಸ್ತಿಯಾಗಿಸಿತು. 2006ರ ಮಾರ್ಚ್ ಕೊನೆಯ ಹೊತ್ತಿಗೆ ರಾಜಸ್ವ ಕೊರತೆ ಸೊನ್ನೆಯಾಗಬೇಕು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರೊಳಗೆ ಬರಬೇಕು, ಒಟ್ಟು ಹೊಣೆ ಮುಂದೆ ಶೇ 25ರೊಳಗೆ ಇಳಿಯಬೇಕು, ಮಧ್ಯಮಾವಧಿ ಯೋಜನೆಯನ್ನು ಪ್ರತಿವರ್ಷ ಬಜೆಟ್ ಜೊತೆ ಎರಡೂ ಸದನಗಳ ಮುಂದಿಡಬೇಕು. ಸ್ಪೀಕರ್ ಆಗಿದ್ದವರು ಮುಖ್ಯಮಂತ್ರಿಯಾದಾಗ ತಮ್ಮ ಸಂಪುಟಕ್ಕೆ ಸದನವನ್ನೇ ಕಾವಲು ಹಾಕಿದರು ಎಂದು ನಾನು ಇದನ್ನು ಓದುತ್ತೇನೆ. ಇದರಲ್ಲಿ ಜಾಣ್ಮೆಯೂ ಇತ್ತು. ಅನುದಾನ ಕೇಳಿ ಬರುವ ಮಂತ್ರಿಗೆ, ಶಾಸಕನಿಗೆ ‘ಇಲ್ಲ’ ಎನ್ನುವುದು ಮುಖ್ಯಮಂತ್ರಿಗೆ ಕಷ್ಟ. ‘ಕಾನೂನು ಬಿಡುವುದಿಲ್ಲ’ ಎನ್ನುವುದು ಸುಲಭ.

ಹಳ್ಳಿಯವರಿಗೆ ಈ ಶಿಸ್ತು ತಲುಪಿದ್ದು ಬೇರೆ ಬೇರೆ ರೂಪದಲ್ಲಿ. ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು, ಒಂದಕ್ಕೆ 15 ರೂಪಾಯಿ. ಸೇವೆಗೆ ಶುಲ್ಕ ಕೊಡಿ, ಲಂಚ ಕೊಡಬೇಡಿ ಎಂಬ ಈ ಬದಲಾವಣೆಯನ್ನು ರೈತರು ಒಪ್ಪಿಕೊಂಡರು. ನಾಲೆ ನೀರಿನ ಕರ ಎಕರೆ ಭತ್ತಕ್ಕೆ 100 ರೂಪಾಯಿ, ಕಬ್ಬಿಗೆ 400 ರೂಪಾಯಿ ಆದದ್ದೂ ಆ ದಿನಗಳಲ್ಲೇ. ಅದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ತೂಬಿಗೆ ನೀರು ಬಾರದೆ ಕರದ ನೋಟಿಸು ಬಂದರೆ ಯಾರು ಕಟ್ಟುತ್ತಾರೆ? ವಿದ್ಯುತ್ ವಿತರಣೆಯನ್ನು 2002ರ ಜೂನ್‌ನಲ್ಲಿ ಬೇರೆ ಬೇರೆ ಕಂಪನಿಗಳಿಗೆ ಹಂಚಿದರು. ಪಂಪ್‌ಸೆಟ್‌ಗೆ ಮೀಟರ್ ಎಂಬ ಮಾತು ಕೇಳಿದೊಡನೆ ರೈತಸಂಘಗಳು ಎದ್ದು ನಿಂತವು. ನಷ್ಟದ ಸರ್ಕಾರಿ ಉದ್ದಿಮೆಗಳನ್ನು ಮುಚ್ಚುವ ನೀತಿಯೂ ಇದೇ ಕಾಲದ್ದು, ಮಂಡ್ಯದ ಅಸಿಟೇಟ್ ಕಾರ್ಖಾನೆ ಕೂಡ ಕೆಲಸ ನಿಲ್ಲಿಸಿದ ಸರ್ಕಾರಿ ಕಂಪನಿಗಳ ಪಟ್ಟಿ ಸೇರಿತು. ಅದೇ ಸರ್ಕಾರ ಸ್ತ್ರೀಶಕ್ತಿ ಸಂಘಗಳನ್ನು ಕಟ್ಟಿತು, ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಆರಂಭಿಸಿತು, ಸಹಕಾರಿ ರೈತರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ತಂದಿತು. ಕತ್ತರಿ ಹಿಡಿದ ಕೈಯಲ್ಲೇ ಅನ್ನವೂ ಇತ್ತು ಎಂಬುದನ್ನು ಮರೆತು ಆ ಕಾಲವನ್ನು ಅಳೆಯುವುದು ನ್ಯಾಯವಲ್ಲ.

ಕಾಯ್ದೆ ಅಂಗೀಕಾರವಾದ ಅದೇ ವರ್ಷ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಆದೇಶಗಳು ದೆಹಲಿಯಿಂದ ಬಂದವು, ಮಂಡ್ಯ ಹೊತ್ತಿ ಉರಿಯಿತು, ಜಿ. ಮಾದೇಗೌಡರ ನೇತೃತ್ವದಲ್ಲಿ ಜನ ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟರು, ಬಳಿಕ ಸುಪ್ರೀಂ ಕೋರ್ಟಿನ ಕ್ಷಮೆ ಕೇಳಬೇಕಾಯಿತು. 2001ರಿಂದ ಸತತ ಮೂರು ವರ್ಷ ಬರ. ಅಂಕಿಅಂಶದ ಶಿಸ್ತು ಗೆಲ್ಲುತ್ತಿದ್ದ ಹೊತ್ತಿನಲ್ಲೇ ಗದ್ದೆ ಒಣಗುತ್ತಿತ್ತು. 2004ರಲ್ಲಿ ಕೃಷ್ಣ ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ನಿಂತು ಗೆದ್ದರು. ಅವರ ಪಕ್ಷ 65ಕ್ಕೆ ಕುಸಿಯಿತು. ಆ 2004-05ರಲ್ಲೇ ರಾಜ್ಯದ ರಾಜಸ್ವ ಲೆಕ್ಕ ಕೊರತೆಯಿಂದ ಹೊರಬಂದು ಮಿಗತೆಗೆ ತಿರುಗಿತು, ಕಾಯ್ದೆ ಇಟ್ಟ ಗಡುವಿಗೂ ಮುಂಚೆ. ಫಲ ಬಂದಾಗ ಮರ ನೆಟ್ಟವರು ಅಧಿಕಾರದಲ್ಲಿರಲಿಲ್ಲ.

ಕಾಯ್ದೆಯ ಬಗ್ಗೆ ನನಗಿರುವ ಗೌರವ ಕಡಿಮೆಯದಲ್ಲ. ಅದರ ಒಂದು ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಒಟ್ಟು ಕೊರತೆ ಎಷ್ಟಿರಬೇಕೆಂದು ಅದು ಹೇಳುತ್ತದೆ, ಕತ್ತರಿ ಯಾವುದರ ಮೇಲೆ ಬಿತ್ತು ಎಂದು ಊರ ಹೆಸರು ಹಿಡಿದು ಹೇಳುವುದಿಲ್ಲ. ಸಂಬಳಕ್ಕೆ ನೌಕರರ ಸಂಘವಿದೆ, ಪಂಪ್‌ಸೆಟ್ ವಿದ್ಯುತ್ತಿಗೆ ರೈತಸಂಘವಿದೆ, ಬಡ್ಡಿಗೆ ಸಂವಿಧಾನದ ರಕ್ಷೆಯಿದೆ. ನಾಲೆಯ ಹೂಳಿಗೆ, ಕಿತ್ತುಹೋದ ತೂಬಿನ ಬಾಗಿಲಿಗೆ, ಕುಸಿದ ಏರಿಗೆ, ಖಾಲಿ ಉಳಿದ ನೀರುಗಂಟಿಯ ಹುದ್ದೆಗೆ ಯಾವ ಸಂಘವೂ ಇಲ್ಲ. ಹಣ ಸಾಲದಾದಾಗ ಮೊದಲು ಮುಂದಕ್ಕೆ ಹೋಗುವುದು ನಿರ್ವಹಣೆ. ಅದನ್ನು ಯಾರೂ ಕಡಿತವೆಂದು ಘೋಷಿಸುವುದಿಲ್ಲ, ‘ಮುಂದಿನ ಸಾಲಿನಲ್ಲಿ ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ಸಾಕು. ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲ್ಭಾಗದವರ ಗದ್ದೆ ತುಂಬಿದ ಮೇಲೆ ಉಳಿದದ್ದು ಮದ್ದೂರು, ಮಳವಳ್ಳಿಯ ಕೊನೇಭಾಗಕ್ಕೆ ಬರಬೇಕು. ನಾಲೆಯ ಹೊಟ್ಟೆಯಲ್ಲಿ ಹೂಳು, ಜೊಂಡು ತುಂಬಿದಷ್ಟೂ ಆ ಉಳಿಕೆ ಕರಗುತ್ತದೆ.

ನಾಲೆ ಹರಿದ ಊರಿಗೂ ಹರಿಯದ ಊರಿಗೂ ಎಷ್ಟು ಅಂತರವೆಂದು ತೋರಿಸಿಕೊಟ್ಟವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್. 1950ರ ದಶಕದ ಮಧ್ಯದಲ್ಲಿ ಮಂಡ್ಯ ಸೀಮೆಯ ಒಂದು ನೀರಾವರಿ ಹಳ್ಳಿ, ಒಂದು ಬೆದ್ದಲ ಹಳ್ಳಿಯಲ್ಲಿ ಇದ್ದು ಅವುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟು ಆಕೆ ಬರೆದ ಅಧ್ಯಯನ ಅರ್ಥಶಾಸ್ತ್ರ ಓದುವವರಿಗೆಲ್ಲ ಪರಿಚಿತ. ನೀರು ಬಂದ ಹಳ್ಳಿ ಬೇಸಾಯದಲ್ಲೇ ನೆಲೆಯೂರಿತು. ಬಾರದ ಹಳ್ಳಿಯವರು ಹೊರಗಿನ ಕೆಲಸ, ವ್ಯಾಪಾರ ಹುಡುಕಿಕೊಂಡರು. ಸರ್ಕಾರ ಒಮ್ಮೆ ಎಳೆದ ನಾಲೆಯ ಗೆರೆ ಹಳ್ಳಿಯೊಂದರ ಬದುಕಿನ ದಾರಿಯನ್ನೇ ಬದಲಿಸಿತು. ಆ ಗೆರೆಯನ್ನು ನಿರ್ವಹಿಸದೆ ಬಿಟ್ಟರೆ ನೀರಾವರಿ ಊರು ನಕ್ಷೆಯಲ್ಲಿ ಹಾಗೇ ಉಳಿದು ನೆಲದಲ್ಲಿ ಬೆದ್ದಲಾಗುತ್ತದೆ.

ನಿರ್ವಹಣೆ ಬೇಸಾಯದ ಪ್ರಶ್ನೆಯಷ್ಟೇ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಏರಿಯ ಉದ್ದಕ್ಕೂ ತಡೆಗೋಡೆ ಬೇಕೆಂಬ ಕೂಗು ಜೋರಾದದ್ದು ಆಮೇಲೆ. 2023ರಲ್ಲಿ ಮತ್ತೆ ಕಾರುಗಳು ಬಿದ್ದವು. ಅಷ್ಟು ಜೀವ ಹೋದ ಮೇಲೂ ತಡೆಗೋಡೆಗೆ ಬೇಡಿಕೆ ಇಡುತ್ತಲೇ ಇರಬೇಕಾದ ಸ್ಥಿತಿ ಸಿಟ್ಟು ಬರಿಸುತ್ತದೆ.

ಮೈಷುಗರ್, ಅಂದರೆ ಅದೇ ಮೈಸೂರು ಸಕ್ಕರೆ ಕಂಪನಿಯ ಕಥೆ ಇದಕ್ಕೆ ಪೂರಕ. ನಷ್ಟ, ನಿಂತ ಗಾಣ, ಪುನಶ್ಚೇತನದ ಹಣ, ಮತ್ತೆ ನಿಂತ ಗಾಣ. ಕೊನೆಗೆ ಖಾಸಗಿಗೆ ಗುತ್ತಿಗೆ ಕೊಡುವ ಯೋಚನೆ ಬಂದಾಗ ಜಿಲ್ಲೆಯ ರೈತರು ಬೀದಿಯಲ್ಲಿ ಕೂತರು, ಸರ್ಕಾರಿ ಸ್ವಾಮ್ಯದಲ್ಲೇ 2022ರಲ್ಲಿ ಕಾರ್ಖಾನೆ ಕಬ್ಬು ನುರಿಸಲು ಆರಂಭಿಸಿತು. ಗೆಲುವು ದೊಡ್ಡದೇ. ಆದರೆ ಯಂತ್ರಗಳು ಸಕಾಲದಲ್ಲಿ ದುರಸ್ತಿಯಾಗದೆ ವರ್ಷಗಟ್ಟಲೆ ಆದ ನಷ್ಟಕ್ಕೆ ಸದನದಲ್ಲಿ ಉತ್ತರ ಕೊಟ್ಟವರು ಯಾರು?

ಇತ್ತೀಚಿನ ವರ್ಷಗಳಲ್ಲಿ ಲೆಕ್ಕ ಮತ್ತೆ ಬಿಗಿಯಾಗಿದೆ. ಕೋವಿಡ್ ವರ್ಷದಲ್ಲಿ ಕಾಯ್ದೆ ತಿದ್ದಿ ಕೊರತೆಯ ಮಿತಿಯನ್ನು ಶೇ 3ರಿಂದ 5ಕ್ಕೆ ಏರಿಸಬೇಕಾಯಿತು. 15ನೇ ಹಣಕಾಸು ಆಯೋಗದಲ್ಲಿ ಕೇಂದ್ರ ತೆರಿಗೆಯ ನಮ್ಮ ಪಾಲು ಶೇ 4.71ರಿಂದ 3.64ಕ್ಕೆ ಇಳಿಯಿತು. ಅದನ್ನು ಪ್ರತಿಭಟಿಸಿ 2024ರ ಫೆಬ್ರುವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿತು. 2025-26ರ 4,09,549 ಕೋಟಿ ರೂಪಾಯಿ ಬಜೆಟ್‌ನಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ ಸುಮಾರು 51,000 ಕೋಟಿ, ರಾಜಸ್ವ ಕೊರತೆ 19,262 ಕೋಟಿ. ಅವುಗಳಲ್ಲಿ ಒಂದಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಮಳವಳ್ಳಿಯ ಕೂಲಿಕಾರ ಹೆಣ್ಣುಮಗಳಿಗೆ ಏನೆಂದು ಬಲ್ಲ ಯಾರೂ ಅದನ್ನು ದುಂದು ಎನ್ನಲಾರರು, ನಾನೂ ಅನ್ನುವುದಿಲ್ಲ. ಆದರೆ ಆ ಹಣವನ್ನು ಹೊಂದಿಸಲು ಯಾವ ಕಾಮಗಾರಿ ನಿಂತಿದೆ, ಯಾವ ಬಿಲ್ಲು ಬಾಕಿಯಿದೆ ಎಂದು ತಿಳಿಯುವ ಹಕ್ಕು ಅದೇ ಹೆಣ್ಣುಮಗಳಿಗೆ ಇದೆ.

ಅದಕ್ಕೆ ದಾರಿ ಹೊಸದಾಗಿ ಹುಡುಕಬೇಕಿಲ್ಲ. ಬಜೆಟ್ ಅಧಿವೇಶನದಲ್ಲಿ ಜಲಸಂಪನ್ಮೂಲ ಇಲಾಖೆಯ ಬೇಡಿಕೆ ಮತಕ್ಕೆ ಬಂದ ದಿನ ಯಾವ ಶಾಸಕರಾದರೂ 100 ರೂಪಾಯಿಯ ಸಾಂಕೇತಿಕ ಕಡಿತ ಸೂಚನೆ ತರಬಹುದು. ಅದು ಗೆಲ್ಲಲೆಂದು ತರುವುದಲ್ಲ. ಒಂದು ನಿರ್ದಿಷ್ಟ ಕುಂದುಕೊರತೆಯನ್ನು ಸದನದ ಮುಂದಿಟ್ಟು ಮಂತ್ರಿಯಿಂದ ಉತ್ತರ ಪಡೆಯಲೆಂದೇ ಇರುವ ಹತ್ಯಾರು. ತುರುಗನೂರು ಶಾಖೆಯಲ್ಲಿ, ಮದ್ದೂರು ಶಾಖೆಯಲ್ಲಿ ಕೊನೆಯ ತೂಬಿನವರೆಗೆ ಹೂಳು ತೆಗೆದದ್ದು ಯಾವಾಗ, ಈ ಸಾಲಿಗೆ ನಿಗದಿಯಾದ ಹಣ ಎಷ್ಟು, ಬಿಡುಗಡೆಯಾದದ್ದು ಎಷ್ಟು, ನೀರುಗಂಟಿಗಳು ಎಷ್ಟು ಮಂದಿ ಬೇಕು, ಎಷ್ಟು ಮಂದಿ ಇದ್ದಾರೆ? ಇಷ್ಟೇ ಕೇಳಿದರೂ ಉತ್ತರ ದಾಖಲೆಗೆ ಹೋಗುತ್ತದೆ, ಮರುವರ್ಷ ಅದೇ ದಾಖಲೆ ಹಿಡಿದು ಮತ್ತೆ ಕೇಳಬಹುದು. ಗದ್ದಲದಲ್ಲಿ ಬೇಡಿಕೆಗಳೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕಾರವಾಗುವ ದಿನ ಈ ಅವಕಾಶ ಕೈತಪ್ಪುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಸಕರು ಯಾವ ಪಕ್ಷದವರೇ ಇರಲಿ, ಮುಂದಿನ ಬಜೆಟ್‌ಗೆ ಮುನ್ನ ತಮ್ಮ ತಾಲ್ಲೂಕಿನ ಕೊನೇಭಾಗದ ಊರುಗಳ ಪಟ್ಟಿ ಬರೆದಿಟ್ಟುಕೊಂಡು ಸದನಕ್ಕೆ ಹೋಗಲಿ. ಆ ಪಟ್ಟಿಯನ್ನು ಅವರ ಕೈಗಿಡುವ ಕೆಲಸ ನೀರು ಬಳಕೆದಾರರ ಸಂಘಗಳದ್ದು, ಗ್ರಾಮ ಪಂಚಾಯಿತಿಗಳದ್ದು. ಅದನ್ನು ಬೇಸಿಗೆಯಲ್ಲಿ ನಾಲೆ ಒಣಗಿದಾಗಲೇ ಏರಿಯ ಮೇಲೆ ನಡೆದು, ಯಾವ ತೂಬಿನ ಬಾಗಿಲು ಹೋಗಿದೆ, ಎಲ್ಲಿ ಏರಿ ಕುಸಿದಿದೆ ಎಂದು ನೋಡಿ ಬರೆಯಬೇಕು.